ಗೇರೆಣ್ಣೆ ಬಳಿದ ವರ್ಷದ ನೆಕ್ಕರೆ ಹೂ

ಗೇರುಬೀಜದ ಕಾರ್ಖಾನೆ ಬಿಟ್ಟು ನಾನು ಹೂವಿನ ಎದುರು ಕೂರುವ ಕೆಲಸಕ್ಕೆ ಸೇರಿದಾಗ ನನ್ನ ಅತ್ತೆ ಹೇಳಿದ್ದು ಒಂದೇ ಮಾತು. "ಊರಿನಲ್ಲಿ ಇದ್ದ ಹುಚ್ಚು ಸಾಲದೆ ಘಟ್ಟದ ಮೇಲಿನಿಂದ ಬೇರೆ ಬಂತು."

ನಮ್ಮ ಜಿಲ್ಲೆ ಮದ್ರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷ ಆಗಿತ್ತು. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಆಗ ಇಷ್ಟು ಮನೆ ಇರಲಿಲ್ಲ. ಮುರಕಲ್ಲಿನ ದರೆ, ಗೇರುಮರ, ಅಲ್ಲೊಂದು ಇಲ್ಲೊಂದು ಪಾಗಾರದ ಗೋಡೆ. ಒಂದು ದೊಡ್ಡ ಹಿತ್ತಿಲಿನ ಎದುರು ಭಾಗದಲ್ಲಿ ಹಂಚಿನ ಮನೆ, ಹಿಂದಿನ ಮೂಲೆಯಲ್ಲಿ ಮುಳಿಹುಲ್ಲಿನ ನಮ್ಮ ಬಿಡಾರ. ನಾನು, ಗಂಡ, ಅತ್ತೆ, ಎರಡು ಮಕ್ಕಳು. ಎದುರಿನ ಮನೆಗೆ ಕಾಲೇಜಿನ ಟೀಚರ್ ಒಬ್ಬರು ಬಾಡಿಗೆಗೆ ಬಂದರು. ಒಬ್ಬರೇ, ಮದುವೆ ಆಗಿರಲಿಲ್ಲ. ಘಟ್ಟದ ಮೇಲಿನವರು, ಗಿಡಮರದ ಪಾಠ ಹೇಳುವವರು. ಅವರಿಗೆ ತುಳು ಬಾರದು, ನನಗೆ ಎರಡನೇ ಕ್ಲಾಸಿನವರೆಗೆ ಕಲಿತ ಕನ್ನಡ. ಅದರಲ್ಲೇ ನಮ್ಮ ಮಾತು.

ಬಂದ ವಾರದಲ್ಲೇ ಅವರು ಬಾವಿಯ ಹಿಂದಿನ ದರೆಯ ಹತ್ತಿರ ನಿಂತು ನನ್ನನ್ನು ಕರೆದರು. ಅಲ್ಲಿ ನೀರಿನ ಪಸೆ ಇದ್ದದ್ದರಿಂದ ಬೇಸಗೆಯಲ್ಲೂ ನೆಕ್ಕರೆ ಗಿಡ ಪೊದೆ ಕಟ್ಟಿ ನೇರಳೆ ಬಣ್ಣದ ಹೂ ಬಿಡುತ್ತಿತ್ತು.

"ಏನಮ್ಮ, ಇದಕ್ಕೆ ನಿಮ್ಮ ಕಡೆ ಏನಂತಾರೆ?"

"ನೆಕ್ಕರೆ."

"ಹಣ್ಣು ತಿಂತಾರಾ?"

"ಮಕ್ಕಳು ತಿಂತಾರೆ. ನಾಲಗೆ ಶಾಯಿ ಕುಡಿದ ಹಾಗೆ ಆಗ್ತದೆ."

ಅವರು ನಗಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು. ಮತ್ತೆ ನನ್ನ ಕೈ ನೋಡಿದರು. ಏಳೆಂಟು ವರ್ಷ ಬೀಜ ಒಡೆದ ಕೈ. ಗೇರುಬೀಜದ ಸಿಪ್ಪೆಯಲ್ಲಿ ಎಣ್ಣೆ ಉಂಟು, ಅದು ಚರ್ಮ ಸುಡುತ್ತದೆ. ಎಷ್ಟು ಬೂದಿ ಹಚ್ಚಿ ಕೂತರೂ ಬೆರಳು ಕಪ್ಪಾಗಿ ಸುಲಿಯುತ್ತದೆ. ಆ ವರ್ಷ ನನ್ನ ಬಲಗೈಯ ಎರಡು ಬೆರಳು ಕೀವು ತುಂಬಿ ಅನ್ನ ಕಲಸಲಿಕ್ಕೂ ಆಗುತ್ತಿರಲಿಲ್ಲ. ಹಾಗಾಗಿ ಟೀಚರ್ "ಬೆಳಿಗ್ಗೆ ಹೂವಿನ ಹತ್ತಿರ ಕೂತು ಯಾವ ಹುಳ ಬರುತ್ತೆ ಅಂತ ಗುರುತು ಹಾಕ್ತೀಯಾ" ಎಂದು ಕೇಳಿದಾಗ ನಾನು ಕೆಲಸ ಎಂತ ಎಂದು ಕೂಡ ಸರಿಯಾಗಿ ಕೇಳದೆ ಹೂಂ ಎಂದೆ.

ಕೆಲಸ ಹೀಗೆ. ಬೆಳಕಾದ ಕೂಡಲೇ ಮಣೆ ಹಾಕಿ ಕೂರಬೇಕು. ಬಿಸಿಲು ನೆತ್ತಿಗೆ ಬರುವ ಮೊದಲು ಏಳಬಾರದು. ಶಾಲೆ ಮಕ್ಕಳ ಪುಸ್ತಕ, ಒಂದು ಪೆನ್ಸಿಲ್. ದಿನಕ್ಕೆ ಒಂದು ಪುಟ. ತುಡುವೆ ಜೇನು ಬಂದರೆ ಗೀಟು, ಸಣ್ಣ ಮುಜಂಟಿ ಜೇನು ಬಂದರೆ ಚುಕ್ಕಿ, ಕರಿದುಂಬಿ ಬಂದರೆ ಕತ್ತರಿ ಹಾಕಿದ ಹಾಗೆ ಎರಡು ಅಡ್ಡಗೆರೆ. ಎಂತದೂ ಬಾರದಿದ್ದರೆ ಸೊನ್ನೆ. ಅರಳಿದ ಹೂವಿನ ತೊಟ್ಟಿಗೆ ಕೆಂಪು ನೂಲು ಕಟ್ಟಬೇಕು, ಆಮೇಲೆ ಅದು ಕಾಯಿ ಕಟ್ಟಿತಾ ಉದುರಿತಾ ನೋಡಬೇಕು. ಸಂಜೆ ನೀರು ಹೊಯ್ಯಬೇಕು.

ಮೊದಲ ದಿನ ಟೀಚರ್ ತಮ್ಮ ಕಪ್ಪು ಕೊಡೆಯನ್ನು ಬಿಡಿಸಿ ಹೂವಿನ ಕೆಳಗೆ ಹಿಡಿದರು. ತುಡುವೆ ಬಂತು, ಕೂತಿತು, ಹೋಯಿತು. ಕೊಡೆಯಲ್ಲಿ ಎಂತದೂ ಇಲ್ಲ. ಸ್ವಲ್ಪ ಹೊತ್ತಿಗೆ ಕರಿದುಂಬಿ ಬಂತು, ನನ್ನ ಹೆಬ್ಬೆರಳಿನಷ್ಟು ದಪ್ಪದ್ದು. ಹೂವನ್ನು ಅಪ್ಪಿ ಹಿಡಿದು ಮೈಯನ್ನೇ ನಡುಗಿಸಿ ಗುಂಯ್ ಎಂದಿತು. ಹಾರುವಾಗಿನ ಸ್ವರ ಅಲ್ಲ ಅದು, ಬೇರೆಯೇ, ಗಂಟಲು ಬಿಗಿ ಹಿಡಿದ ಹಾಗೆ. ಕೊಡೆಯ ಮೇಲೆ ಹಳದಿ ಹುಡಿ ಉದುರಿತು.

"ನೋಡಿದೆಯಾ? ಈ ಹೂವಿನ ಹುಡಿ ಒಳಗೆ ಬೀಗ ಹಾಕಿದ ಹಾಗೆ ಇರುತ್ತೆ. ತುದಿಯಲ್ಲಿ ಸೂಜಿ ಚುಚ್ಚಿದಷ್ಟೇ ತೂತು. ಹೀಗೆ ನಡುಗಿಸಿದರೆ ಮಾತ್ರ ಬೀಳುತ್ತೆ. ಸಣ್ಣ ಜೇನಿಗೆ ಅದು ಬರೋದಿಲ್ಲ."

ಹೂವಿನೊಳಗೆ ಹಳದಿ ಕೇಸರ ಐದು, ನೇರಳೆ ಕೇಸರ ಐದು ಉಂಟು. ಹಳದಿಯದ್ದು ದುಂಬಿಗೆ ತಿನ್ನಲಿಕ್ಕೆ, ನೇರಳೆಯದ್ದು ಅದರ ಮೈಗೆ ಹುಡಿ ಮೆತ್ತಿ ಇನ್ನೊಂದು ಹೂವಿಗೆ ಕಳಿಸಲಿಕ್ಕೆ. ಅದನ್ನೂ ತೋರಿಸಿದರು. ಚಿಕ್ಕಂದಿನಿಂದ ತಿಂದ ನೆಕ್ಕರೆ, ನಾನು ಒಂದು ದಿನವೂ ಅದರ ಒಳಗೆ ನೋಡಿದವಳಲ್ಲ.

ಟೀಚರ್ ಇದನ್ನೇ ಬರೆದು ಮದ್ರಾಸಿನ ಒಬ್ಬ ದೊಡ್ಡ ಪ್ರೊಫೆಸರಿಗೆ ಕಳಿಸಬೇಕಿತ್ತು. ಈ ದುಂಬಿ ಇಲ್ಲದಿದ್ದರೆ ಈ ಹೂವಿಗೆ ಕಾಯಿ ಇಲ್ಲ ಎಂದು ತೋರಿಸಿಕೊಟ್ಟರೆ ಆ ಪ್ರೊಫೆಸರ್ ಇವರನ್ನು ತಮ್ಮ ಕೆಳಗೆ ಮುಂದಿನ ಓದಿಗೆ ತೆಗೆದುಕೊಳ್ಳುತ್ತಾರೆ. ಮಳೆ ಹಿಡಿದು ಕಾಲೇಜು ಸುರುವಾಗುವ ಮೊದಲು ಕಾಗದ ಹೋಗಬೇಕು. ಇದನ್ನು ಅವರು ನನಗೆ ಹತ್ತು ಸಲ ಹೇಳಿದ್ದರು. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಎಪ್ರಿಲ್ ಕಡೆಗೆ ಟೀಚರಿಗೆ ರಜೆ ಬಂತು. ತಾಯಿಗೆ ಹುಷಾರಿಲ್ಲವೆಂದು ಹದಿನೈದು ದಿನಕ್ಕೆ ಊರಿಗೆ ಹೊರಟರು. ಹೋಗುವಾಗ ಪುಸ್ತಕ ನನ್ನ ಕೈಯಲ್ಲಿ ಕೊಟ್ಟು "ಒಂದು ದಿನವೂ ತಪ್ಪಿಸಬೇಡ" ಎಂದರು.

ಅವರು ಹೋಗಿ ಮೂರನೇ ದಿನ ನನ್ನ ಗಂಡ ಕಾರ್ಖಾನೆಯಿಂದ ಒಂದು ಡಬ್ಬಿ ಗೇರೆಣ್ಣೆ ತಂದರು. ನಮ್ಮಲ್ಲಿ ಇದು ವರ್ಷವೂ ಉಂಟು. ಮಳೆಗೆ ಮೊದಲು ಮಾಡಿನ ಹಳೆ ಮುಳಿ ತೆಗೆದು, ಮಾಡು ಹೊರುವ ಪಕ್ಕಾಸುಗಳನ್ನು ಕೆರೆದು, ಗೇರೆಣ್ಣೆ ಬಳಿದು, ಹೊಸ ಮುಳಿ ಹೊದೆಸುವುದು. ಎಣ್ಣೆ ಬಳಿದ ಮರಕ್ಕೆ ಒರಲೆ ಗೆದ್ದಲು ಹತ್ತುವುದಿಲ್ಲ, ಹುಳ ಹತ್ತುವುದಿಲ್ಲ. ಮಂಗಳೂರಿನಲ್ಲಿ ಮರದ ಮಾಡು ಇದ್ದವರೆಲ್ಲ ಬಳಿಯುತ್ತಿದ್ದರು. ನಮ್ಮ ತೆಂಗಿನ ಪಕ್ಕಾಸಿನಲ್ಲಿ ಆ ವರ್ಷ ತೂತುಗಳು ಬಹಳ ಇದ್ದವು. ಕರಿದುಂಬಿ ಕೊರೆದದ್ದು. ಮರದ ಹುಡಿ ಗಂಜಿಗೆ ಬೀಳುತ್ತದೆ ಎಂದು ಅತ್ತೆ ದಿನಾ ಗೊಣಗುತ್ತಿದ್ದರು.

"ಹೂವಿನ ಹತ್ತಿರ ಕೂತು ದುಂಬಿಗೆ ಲೆಕ್ಕ ಬರೀತಾಳೆ, ಅದೇ ದುಂಬಿ ಮನೆ ತಿಂತದೆ, ಅದರ ಲೆಕ್ಕ ಯಾರು ಬರೆಯುವುದು?"

ನಾನು ತೂತುಗಳಿಗೆಲ್ಲ ಮಣ್ಣು ಸೆಗಣಿ ಕಲಸಿ ಮೆತ್ತಿದೆ. ಮೇಲಿನಿಂದ ತೆಂಗಿನ ಸಿಪ್ಪೆಯಲ್ಲಿ ಎಣ್ಣೆ ಅದ್ದಿ ಎರಡು ಸಲ ಬಳಿದೆ. ಮರದೊಳಗೆ ಗುಂಯ್‌ಗುಟ್ಟುವುದು ಕೇಳುತ್ತಿತ್ತು. ಹೊರಗೆ ಹೋಗಿದ್ದ ಕೆಲವು ಬಂದು ಮಾಡಿನ ಸುತ್ತ ಕತ್ತಲಾಗುವವರೆಗೆ ಸುತ್ತಿದವು. ಅಂಗಳದಲ್ಲಿ ನಾಲ್ಕೈದು ಸತ್ತು ಬಿದ್ದಿದ್ದವು, ಗುಡಿಸಿ ಹಾಕಿದೆ.

ಪಕ್ಕಾಸಿನ ದುಂಬಿಯೂ ಹೂವಿನ ದುಂಬಿಯೂ ಒಂದೇ ಎಂದು ನನ್ನ ತಲೆಗೆ ಯಾಕೆ ಹೋಗಲಿಲ್ಲ ಎಂದರೆ, ಹೋಗಲಿಲ್ಲ. ಒಂದು ಮನೆ ಕೆಲಸ, ಇನ್ನೊಂದು ಟೀಚರ ಕೆಲಸ.

ಟೀಚರ್ ಹೋದ ನಾಲ್ಕನೇ ಬೆಳಿಗ್ಗೆ ಹೂವಿನ ಎದುರು ಕೂತೆ. ತುಡುವೆ ಬಂತು, ಮುಜಂಟಿ ಬಂತು. ಕರಿದುಂಬಿ ಇಲ್ಲ. ಮರುದಿನವೂ ಇಲ್ಲ. ಆಗ ಹೊಳೆಯಿತು. ಎದ್ದು ಹೋಗಿ ಮಾಡಿನ ಕೆಳಗೆ ನಿಂತು ನೋಡಿದೆ. ಪಕ್ಕಾಸು ಕರ್ರಗೆ ಮಿರಿ ಮಿರಿ ಮಿಂಚುತ್ತಿತ್ತು. ಒಂದು ಸ್ವರ ಇಲ್ಲ.

ಸೊನ್ನೆ ಹಾಕಬೇಕಿತ್ತು. ಪೆನ್ಸಿಲ್ ಹಿಡಿದು ಕೂತೆ. ಸೊನ್ನೆ ನೋಡಿದರೆ ಟೀಚರ್ ಎಂತ ಹೇಳಬಹುದು? ಒಂದೋ, ಇವಳು ಕೂರಲೇ ಇಲ್ಲ ಎನ್ನಬಹುದು. ಇಲ್ಲದಿದ್ದರೆ ಎಣ್ಣೆ ಬಳಿದದ್ದು ಗೊತ್ತಾಗಿ, ನನ್ನ ಕೆಲಸವನ್ನು ನೀನೇ ಕೊಂದೆಯಲ್ಲ ಎನ್ನಬಹುದು. ಎರಡರಲ್ಲೂ ನಾನು ಪುನಃ ಬೀಜದ ಕಾರ್ಖಾನೆಗೆ. ಬೆರಳು ಆಗಷ್ಟೇ ಹೊಸ ಚರ್ಮ ಕಟ್ಟಿತ್ತು. ನಾನು ಹಿಂದಿನ ವಾರದ ಪುಟ ತಿರುಗಿಸಿ ಅಲ್ಲಿ ಎಷ್ಟು ಕತ್ತರಿ ಇತ್ತು ನೋಡಿ, ಅಷ್ಟೇ ಹಾಕಿದೆ. ಮರುದಿನ ಒಂದು ಕಡಿಮೆ, ಅದರ ಮರುದಿನ ಎರಡು ಜಾಸ್ತಿ. ಒಂದೇ ಹಾಗೆ ಇದ್ದರೆ ಸಂಶಯ ಬರ್ತದೆ ಎಂದು ಅಷ್ಟು ಬುದ್ಧಿ ಇತ್ತು ನನಗೆ.

ಟೀಚರ್ ಬಂದರು. ಪುಸ್ತಕ ನೋಡಿ "ಎಷ್ಟು ಚೆನ್ನಾಗಿ ಮಾಡಿದ್ದೀಯಮ್ಮ" ಎಂದರು. ನಾನು ನೀರು ಸೇದಲಿಕ್ಕೆ ಹೋದೆ.

ಆಮೇಲೆ ಹೂ ಉದುರಲು ಸುರುವಾಯಿತು. ಹೂ ಬಿದ್ದ ಮೇಲೆ ಬುಡದಲ್ಲಿ ಉಳಿದ ಸಣ್ಣ ಬಟ್ಟಲು ಹಸಿರಾಗಿ ಉಬ್ಬಿದರೆ ಕಾಯಿ. ಹಳದಿಯಾಗಿ ತೊಟ್ಟು ಸಮೇತ ಬಿದ್ದರೆ ಇಲ್ಲ. ಮೊದಲು ನೂಲು ಕಟ್ಟಿದವು ಕಾಯಿ ಹಿಡಿದಿದ್ದವು, ಎಣ್ಣೆ ಬಳಿದ ಮೇಲೆ ಕೆಂಪು ನೂಲು ಕಟ್ಟಿದ್ದೆಲ್ಲ ನೆಲದಲ್ಲಿ. ಬೆಳಿಗ್ಗೆ ಗುಡಿಸುವಾಗ ನೂಲು ಹಿಡಿಕಡ್ಡಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಕೆಲವನ್ನು ಬಿಡಿಸಿ ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಒಲೆಗೆ ಹಾಕಿದೆ. ಎಷ್ಟು ಹಾಕಲಿಕ್ಕಾಗುತ್ತದೆ? ಟೀಚರಿಗೆ ಕಣ್ಣಿಲ್ಲವಾ?

"ದುಂಬಿ ಬಂದಿದೆ. ನೀನೇ ನೋಡಿದ್ದೀಯ. ಕಾಯಿ ಯಾಕೆ ಕಟ್ಟಲಿಲ್ಲ?"

"ಬಿಸಿಲು ಹೆಚ್ಚಾಯಿತೋ ಎಂತದೋ."

"ನೀರು ಹಾಕ್ತಿದ್ದೀಯಲ್ಲ?"

"ಹಾಕ್ತಿದ್ದೇನೆ."

ಅವರಿಗೆ ಪರೀಕ್ಷೆ ಪೇಪರ್ ತಿದ್ದುವ ಕೆಲಸ ಬಂದದ್ದರಿಂದ ಬೆಳಿಗ್ಗೆ ಹೂವಿನ ಹತ್ತಿರ ಕೂರಲಿಕ್ಕೆ ಆಗಲಿಲ್ಲ. ಎರಡು ದಿನ ಸ್ವಲ್ಪ ಹೊತ್ತು ಬಂದು ನಿಂತರು. ದುಂಬಿ ಕಾಣಲಿಲ್ಲ. ಮೋಡ ಇತ್ತು. "ಮೋಡಕ್ಕೆ ಬರುವುದಿಲ್ಲ" ಎಂದೆ. ಅದು ಸ್ವಲ್ಪ ಸತ್ಯವೂ ಹೌದು.

ಆ ವಾರ ನನಗೆ ಗಂಜಿ ಇಳಿಯಲಿಲ್ಲ. ಟೀಚರ್ ಚಾವಡಿಯಲ್ಲಿ ಕೂತು ಹಳೆ ಪುಟ ಹೊಸ ಪುಟ ಹೋಲಿಸುವುದು ನಮ್ಮ ಬಾಗಿಲಿಂದ ಕಾಣುತ್ತಿತ್ತು. ಊಟ ಬಿಟ್ಟಿದ್ದರು. ಗಿಡದ ಬುಡದ ಮಣ್ಣು ಅಗೆದು ನೋಡಿದರು, ಎಲೆ ತಿರುಗಿಸಿ ನೋಡಿದರು, ಬೇರಿಗೆ ರೋಗವಾ ಎಂದು ಒಂದು ಗಿಡವನ್ನು ಕಿತ್ತೇ ಹಾಕಿದರು. ಒಳ್ಳೆಯ ಗಿಡ. ಅವರು ಬೇರು ತೊಳೆಯುವಾಗ ನಾನೇ ಕೊಡಪಾನದಿಂದ ನೀರು ಹೊಯ್ದೆ.

"ಆ ಟೀಚರಿಗೆ ಎಂತ ಆಯಿತು, ಪ್ರೇತ ಬಡಿದ ಹಾಗೆ ತಿರುಗ್ತಾರೆ" ಎಂದು ಅತ್ತೆ ಕೇಳಿದರು. ಮತ್ತೆ ನನ್ನ ಮುಖ ನೋಡಿ "ನಿನಗೂ ಬಡಿಯಿತಾ ಮಾರಾಯ್ತಿ?" ಎಂದರು.

ಒಂದು ಮಧ್ಯಾಹ್ನ ಟೀಚರ್ ಲಕೋಟೆ ಕೊಟ್ಟು ಅಂಚೆಪೆಟ್ಟಿಗೆಗೆ ಹಾಕಿ ಬಾ ಎಂದರು. ಮದ್ರಾಸಿಗಾ ಎಂದು ಕೇಳಿದೆ.

"ಹೌದು. ನಾನು ಅಂದುಕೊಂಡದ್ದು ತಪ್ಪು ಅಂತ ಬರೆದಿದ್ದೀನಿ. ದುಂಬಿ ಬಂದರೂ ಹೂ ಕಾಯಿ ಆಗಲಿಲ್ಲ, ಅಂದಮೇಲೆ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೇಳೋಕೆ ನನ್ನಲ್ಲಿ ಏನೂ ಇಲ್ಲ."

ಅಂಚೆಪೆಟ್ಟಿಗೆ ಇಳಿಜಾರಿನ ಕೆಳಗೆ, ರಸ್ತೆಯ ತಿರುವಿನಲ್ಲಿ. ನಾನು ಹೋದೆ. ಪೆಟ್ಟಿಗೆಯ ಬಾಯಿಯ ಹತ್ತಿರ ಕೈ ಕೊಂಡುಹೋದೆ, ತೆಗೆದೆ. ಅಲ್ಲಿ ಒಬ್ಬ ಬ್ಯಾರಿ ಸೈಕಲಿನಲ್ಲಿ ಮೀನು ಮಾರಿ ವಾಪಸು ಹೋಗುವವನು, "ಎಂತಕ್ಕಾ, ಪೆಟ್ಟಿಗೆ ಕಚ್ಚುವುದಿಲ್ಲ, ಹಾಕಿ" ಎಂದು ನಗಾಡಿದ. ಅವನು ಹೋಗುವವರೆಗೆ ನಿಂತೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಹಾಕಿದರೆ ನಾನು ಬದುಕಿದೆ. ಪುಸ್ತಕದ ಸುಳ್ಳು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅವರು ಹೇಳಿದ್ದು ಸರಿ ಇತ್ತು. ಕೊಡೆಯ ಮೇಲೆ ಬಿದ್ದ ಹುಡಿಯನ್ನು ನಾನೂ ನೋಡಿದ್ದೆ. ಸರಿ ಹೇಳಿದವರು ತಾವು ತಪ್ಪು ಎಂದು ಬರೆದ ಕಾಗದವನ್ನು ನಾನು ಪೆಟ್ಟಿಗೆಗೆ ಹಾಕುವುದು ಎಂದರೆ ಅದು ಎಂತ ಕೆಲಸ? ಲಕೋಟೆ ಬೆವರಿಗೆ ಒದ್ದೆಯಾಯಿತು. ವಾಪಸು ಹತ್ತಿದೆ.

ಟೀಚರ ಎದುರು ಲಕೋಟೆ ಇಟ್ಟು, "ದುಂಬಿ ಬರಲಿಲ್ಲ" ಎಂದೆ.

"ಯಾವತ್ತು?"

"ನೀವು ಊರಿಗೆ ಹೋದ ಮೇಲೆ. ನಾಲ್ಕನೇ ದಿನದಿಂದ. ಬರೆದದ್ದು ಸುಳ್ಳು. ನಾನು ಮಾಡಿಗೆ ಗೇರೆಣ್ಣೆ ಬಳಿದೆ, ಅವು ಸತ್ತವು."

ಅವರಿಗೆ ಗೇರೆಣ್ಣೆ ಎಂದರೆ ಎಂತ ಎಂದೇ ಗೊತ್ತಿರಲಿಲ್ಲ. ಘಟ್ಟದ ಮೇಲೆ ಅದು ಇಲ್ಲವಂತೆ. ಕರೆದುಕೊಂಡು ಹೋಗಿ ತೋರಿಸಿದೆ. ಬಾಗಿ ಒಳಗೆ ಬಂದು ಪಕ್ಕಾಸು ನೋಡಿದರು, ಮೆತ್ತಿದ ತೂತುಗಳ ಮೇಲೆ ಬೆರಳಿಟ್ಟರು.

"ಇಲ್ಲಿ ಎಲ್ಲರ ಮನೆಯಲ್ಲೂ ಹೀಗೇ ಬಳೀತಾರಾ?"

"ಎಲ್ಲರೂ. ಮಳೆಗೆ ಮೊದಲು."

ಅವರು ಅತ್ತೆಯ ಮಂಚದ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಎಂದು ನಿಂತಿದ್ದೆ. ಬೈಯಲಿಲ್ಲ. ಮೆಲ್ಲಗೆ ಹೇಳಿದರು.

"ನೀನು ಸೊನ್ನೆ ಹಾಕಿದ್ದಿದ್ದರೆ ನನಗೆ ಅದಕ್ಕಿಂತ ಒಳ್ಳೆಯ ಪುಟ ಬೇರೆ ಬೇಕಿರಲಿಲ್ಲ. ದುಂಬಿ ಇತ್ತು, ಕಾಯಿ ಇತ್ತು. ದುಂಬಿ ಹೋಯಿತು, ಕಾಯಿ ಹೋಯಿತು. ನಾನು ಬೇಕೂಂತ ಮಾಡೋಕೆ ಹೋದರೂ ಹೀಗೆ ಆಗ್ತಿರಲಿಲ್ಲ."

ನಾನು ಕೂಡಲೇ, ಹಾಗಾದರೆ ಈಗ ಸೊನ್ನೆ ಹಾಕ್ತೇನೆ, ಅಳಿಸಿ ಹಾಕ್ತೇನೆ, ಎಷ್ಟು ದಿನ ಎಂದು ನನಗೆ ಸರಿ ಗೊತ್ತುಂಟು ಎಂದೆ. ಅವರು ನನ್ನನ್ನೇ ನೋಡಿದರು.

"ಅದಕ್ಕೆ ಮೊದಲು? ಆವಾಗ ಎಲ್ಲಾ ನಿಜವಾ?"

ಇಲ್ಲ ಎನ್ನಬೇಕಾಯಿತು. ಸಣ್ಣ ಮಗಳಿಗೆ ಜ್ವರ ಬಂದಾಗ ಎರಡು ಬೆಳಿಗ್ಗೆ ನಾನು ಹೂವಿನ ಹತ್ತಿರ ಹೋಗದೆ ಅಡಿಗೆಮನೆಯಲ್ಲೇ ಗುರುತು ಹಾಕಿದ್ದೆ. ಯಾವ ಎರಡು ದಿನ ಎಂದು ಕೇಳಿದರು. ನೆನಪಿಲ್ಲ ಎಂದೆ. ನಿಜವಾಗಿಯೂ ನೆನಪಿರಲಿಲ್ಲ.

ಟೀಚರ್ ಪುಸ್ತಕ ತೆಗೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ನಾನು ಬಿಸಿಲಿಗೆ ಕಣ್ಣು ಬಿಟ್ಟುಕೊಂಡು ಸತ್ಯವಾಗಿ ಹಾಕಿದ ಪುಟಗಳನ್ನೂ ಸೇರಿಸಿ, ಒಂದೊಂದಕ್ಕೂ ಕೆಂಪು ಶಾಯಿಯಲ್ಲಿ ಅಡ್ಡ ಗೀರು ಎಳೆದರು. ಲಕೋಟೆ ಹರಿದರು. ಬೇರೆ ಕಾಗದ ಬರೆದು ತಾವೇ ಹೋಗಿ ಹಾಕಿ ಬಂದರು.

ಮದ್ರಾಸಿನ ಉತ್ತರ ಬರಲು ತಿಂಗಳ ಮೇಲಾಯಿತು. ಮಳೆ ಹಿಡಿಯಿತು. ಅಂಚೆಯವನು ಪಾಗಾರದ ಹತ್ತಿರ ಬಂದರೆ ನಾನು ಕೈಯ ಕೆಲಸ ಬಿಟ್ಟು ನೋಡುತ್ತಿದ್ದೆ. ಟೀಚರ್ ನನ್ನನ್ನು ಬಿಡಿಸಲಿಲ್ಲ, ನೀರು ಸೇದುವುದು ಗುಡಿಸುವುದು ಮಾಡು ಎಂದರು. ಪೆನ್ಸಿಲ್ ವಾಪಸು ತೆಗೆದುಕೊಂಡರು. ಕಡೆಗೆ ಉತ್ತರ ಬಂತು. ಇನ್ನೊಂದು ಬೇಸಗೆ ಕಾಯುತ್ತೇನೆ, ಆದರೆ ಬೇರೆಯವರ ಕಣ್ಣು ನಂಬಬೇಡ, ಸ್ವಂತ ಕಣ್ಣಿನಿಂದ ನೋಡು ಎಂದು ಪ್ರೊಫೆಸರ್ ಬರೆದಿದ್ದರು.

ಇನ್ನೊಂದು ಬೇಸಗೆ ಬರುವಾಗ ದುಂಬಿ ಎಲ್ಲಿಂದ ಬರಬೇಕು? ಎಣ್ಣೆಯ ವಾಸನೆ ಪಕ್ಕಾಸಿನಿಂದ ಹೋಗಿರಲಿಲ್ಲ. ಚಳಿ ಮುಗಿದು ನೆಕ್ಕರೆ ಪುನಃ ಅರಳಿದರೂ ಒಂದು ಕರಿದುಂಬಿ ಇಲ್ಲ. ಕೊಟ್ಟಾರದಲ್ಲಿ ನನ್ನ ತವರಿನ ಹಿತ್ತಿಲಲ್ಲಿ ಒಂದು ನುಗ್ಗೆಮರ ಸತ್ತು ಒಣಗಿ ನಿಂತಿತ್ತು, ಅದರಲ್ಲಿ ತೂತು ಇರುವುದು ನನಗೆ ಗೊತ್ತಿತ್ತು. ನಾನು ಟೀಚರಿಗೆ ಹೇಳಲಿಲ್ಲ. ಆಗದಿದ್ದರೆ ಪುನಃ ಸುಳ್ಳುಗಾರ್ತಿ ಆಗುವುದು ಬೇಡ ಎಂದು. ಸಂಜೆ ದುಂಬಿಗಳು ಒಳಗೆ ಸೇರಿದ ಮೇಲೆ ತೂತಿಗೆ ಬಟ್ಟೆ ತುರುಕಿ, ಅಣ್ಣನ ಹತ್ತಿರ ಆ ತುಂಡು ಕಡಿಸಿ, ಬೆಳಿಗ್ಗೆ ತಲೆಯ ಮೇಲೆ ಬೈರಾಸಿನ ಬಟ್ಟೆ ಸುತ್ತಿದ ಸಿಂಬಿ ಇಟ್ಟು ಹೊತ್ತುಕೊಂಡು ನಡೆದೆ. ಕೊಟ್ಟಾರದಿಂದ ಕೊಡಿಯಾಲ್‌ಬೈಲಿಗೆ ತಲೆಯ ಮೇಲೆ ಇಡೀ ದಾರಿ ಗುಂಯ್‌ಗುಟ್ಟುತ್ತಿತ್ತು. ಬಟ್ಟೆ ಕಳಚಿದರೆ ಮುಖಕ್ಕೇ ಎಂದು ಕುತ್ತಿಗೆ ಅಲುಗಿಸದೆ ನಡೆದೆ.

ದರೆಯ ಹತ್ತಿರ ಗೇರುಮರದ ಕವಲಿಗೆ ಅದನ್ನು ಕಟ್ಟಿ ಬಟ್ಟೆ ತೆಗೆದೆ. ಎಲ್ಲಾ ಹಾರಿ ಹೋದವು. ಒಂದೂ ಉಳಿಯಲಿಲ್ಲ. ಎರಡು ದಿನ ನಾನು ಆ ಕಡೆ ನೋಡಲಿಕ್ಕೆ ಹೆದರಿದೆ. ಮೂರನೇ ದಿನ ತುಂಡಿನ ಕೆಳಗೆ ನೆಲದಲ್ಲಿ ಹೊಸ ಮರದ ಹುಡಿ ಬಿದ್ದಿತ್ತು.

ಟೀಚರ್ ತಾವೇ ಮಣೆ ಹಾಕಿ ಕೂತರು. ಎರಡು ತಿಂಗಳು ಒಂದು ಬೆಳಿಗ್ಗೆಯೂ ಬಿಡಲಿಲ್ಲ. ನಾನು ಹಿಂದೆ ಕೊಡಪಾನ ಹಿಡಿದು ನಿಲ್ಲುತ್ತಿದ್ದೆ. ಅವರ ಕಣ್ಣು ಕನ್ನಡಕದ ಕಣ್ಣು, ಒಮ್ಮೊಮ್ಮೆ ಎಲೆಯ ಮರೆಯ ಹೂವಿಗೆ ದುಂಬಿ ಬಂದದ್ದು ನನಗೆ ಮೊದಲು ಕಾಣುತ್ತಿತ್ತು.

"ಬಂತಾ?" ಎಂದು ಕೇಳುತ್ತಿದ್ದರು.

"ನೀವೇ ನೋಡಿ" ಎನ್ನುತ್ತಿದ್ದೆ.

ಎಣ್ಣೆಯ ಡಬ್ಬಿ ಆ ವರ್ಷ ನಾನು ಮನೆಯೊಳಗೆ ಬಿಡಲಿಲ್ಲ. ಆಟಿ ತಿಂಗಳ ಮಳೆಗೆ ಒರಲೆ ಹತ್ತಿದ ಒಂದು ಪಕ್ಕಾಸು ಮುರಿದು ಮಾಡಿನ ಮೂಲೆ ಕುಸಿಯಿತು. ಅತ್ತೆ ಒಂದು ವಾರ ಎಂತೆಲ್ಲ ಹೇಳಿದರು ಎಂದು ಇಲ್ಲಿ ಬರೆಯುವುದಿಲ್ಲ.

ಆ ಬೇಸಗೆ ದುಂಬಿ ಬರುವ ಮೊದಲು ಅರಳಿದ ಹೂ ಉದುರಿದ್ದವು, ದುಂಬಿ ಬಂದ ಮೇಲಿನವು ಕಾಯಿ ಕಟ್ಟಿದವು. ಕಾಗದ ಮದ್ರಾಸಿಗೆ ಹೋಯಿತು, ಪ್ರೊಫೆಸರ್ ಒಪ್ಪಿದರು. ಊರು ಬಿಡುವ ಮೊದಲು ಟೀಚರ್ ಅಚ್ಚಾದ ಹಾಳೆ ತಂದು ತೋರಿಸಿದರು. ಪೂರ್ತಿ ಇಂಗ್ಲಿಷ್. ನೆಕ್ಕರೆಯ ಚಿತ್ರ ಇತ್ತು.

"ಇದರಲ್ಲಿ ನನ್ನದು ಎಂತ ಉಂಟು?" ಎಂದು ಕೇಳಿದೆ.

ಅವರು ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಮೊದಲ ವರ್ಷದ ಲೆಕ್ಕ ನಂಬುವ ಹಾಗೆ ಇರಲಿಲ್ಲ, ಅದಕ್ಕೆ ಬಿಟ್ಟಿದ್ದೇವೆ ಅಂತ ಇದೆ."

"ಸರಿಯಾಗಿಯೇ ಬರೆದಿದ್ದೀರಿ" ಎಂದೆ.